ಮಾರುವ ಜಾಣ್ಮೆ, ನಡೆಸುವ ಹೊಣೆ: ಗುಬ್ಬಿ ಕಂಪನಿಯ ನಿದರ್ಶನ

ತುಮಕೂರಿಗೆ ಪಶ್ಚಿಮದಲ್ಲಿ ಸುಮಾರು 20 ಕಿಲೋಮೀಟರು ದೂರದಲ್ಲಿ, ತೆಂಗು ಅಡಕೆಗಳ ತೋಟಗಳ ನಡುವೆ ನೆಲಸಿರುವ ಗುಬ್ಬಿಯು ಪೂರ್ವಕಾಲದಿಂದಲೂ ವ್ಯಾಪಾರಕ್ಕೆ ಹೆಸರಾದ ಪೇಟೆ. ಮಲೆನಾಡಿನ ಅಡಕೆಯು ಪೂರ್ವದ ತಮಿಳು ಸೀಮೆಗೆ ಸಾಗುವ ಮೊದಲು ಇಲ್ಲಿ ಇಳಿದು, ಕೈ ಬದಲಾಯಿಸಿ, ಬೆಲೆ ಕಟ್ಟಿಸಿಕೊಂಡು ಮುಂದೆ ಹೋಗುತ್ತಿದ್ದ ಕಾಲವೊಂದಿತ್ತು. ಹೀಗೆ ಕೊಳ್ಳುವವರ ಮುಖಭಾವವನ್ನು ಓದುವುದರಲ್ಲಿ ನುರಿತ ಊರಿನಲ್ಲಿ, 1884ರಲ್ಲಿ, ಚಂದಣ್ಣನವರೂ ಅವರ ಸ್ನೇಹಿತರೂ ಕೂಡಿ ಊರ ದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ ಒಂದು ನಾಟಕದ ಕಂಪನಿಯನ್ನು ಕಟ್ಟಿದರು. ಅಡಕೆಯ ಪೇಟೆಯಾಗಿ ಸುತ್ತಣ ಕೆಲವು ಜಿಲ್ಲೆಗಳ ವರ್ತಕರಿಗೆ ಮಾತ್ರ ಪರಿಚಿತವಾಗಿದ್ದ ಗುಬ್ಬಿಯ ಹೆಸರು, ಆ ಕಂಪನಿಯ ದೆಸೆಯಿಂದ ಕನ್ನಡ ನಾಡಿನ ಉದ್ದಗಲಕ್ಕೂ, ತೆಲುಗು ತಮಿಳು ಸೀಮೆಗಳಿಗೂ ಹಬ್ಬಿತು.

ಇಂದು ದೊಡ್ಡ ನಗರಗಳ ಆಡಳಿತ ಮಂಡಳಿಗಳಲ್ಲಿ, ನಮ್ಮ ಜಿಲ್ಲೆಯ ಸಹಕಾರ ಸಂಘಗಳಲ್ಲಿ, ತಂದೆ ಕಟ್ಟಿದ ಕಾರ್ಖಾನೆಯನ್ನು ಮಕ್ಕಳಲ್ಲಿ ಯಾರ ಕೈಗೆ ಒಪ್ಪಿಸುವುದೆಂದು ಯೋಚಿಸುವ ಮನೆಗಳಲ್ಲಿ, ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಸರಕನ್ನು ಎಲ್ಲರಿಗಿಂತ ಚೆನ್ನಾಗಿ ಮಾರಬಲ್ಲವನು, ಅದೇ ಕಾರಣದಿಂದ, ಸಂಸ್ಥೆಯನ್ನೂ ಎಲ್ಲರಿಗಿಂತ ಚೆನ್ನಾಗಿ ನಡೆಸಬಲ್ಲನೆ? ಹೌದೆನ್ನುವವರ ವಾದ ಸುಲಭವಾಗಿ ಮನಸ್ಸಿಗೆ ಹಿಡಿಸುವಂಥದು: ಮಾರಾಟವಿಲ್ಲದೆ ಹಣವಿಲ್ಲ, ಹಣವಿಲ್ಲದೆ ಸಂಸ್ಥೆಯಿಲ್ಲ, ಆದುದರಿಂದ ಹಣ ತರುವವನಿಗೇ ಹಣದ ಪೆಟ್ಟಿಗೆಯ ಬೀಗದ ಕೈ ಸಲ್ಲತಕ್ಕದ್ದು. ಈ ವಾದದಲ್ಲಿ ಅರ್ಧ ಸತ್ಯವಿದೆಯೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮಿಕ್ಕ ಅರ್ಧವನ್ನು ಕಾಣದೆ ಹೋದ ಸಂಸ್ಥೆಗಳು, ಕಣ್ಣು ಕೋರೈಸುವ ಹಾಗೆ ಬೆಳಗಿ, ಸಾಲದಲ್ಲಿ ಮುಳುಗಿ, ತಮ್ಮನ್ನು ನಂಬಿದ್ದವರನ್ನು ನಡುನೀರಿನಲ್ಲಿ ಬಿಟ್ಟಿವೆ. ಇದನ್ನು ಅರಿಯುವುದಕ್ಕೆ ನಮ್ಮ ನಾಟಕ ಕಂಪನಿಗಳ ಚರಿತ್ರೆಗಿಂತ ಸ್ಪಷ್ಟವಾದ ಪಾಠಪುಸ್ತಕ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ಅಲ್ಲಿ ಮಾರುವವನೂ ಮಾರಾಟವಾಗುವ ಸರಕೂ ಬಹುಮಟ್ಟಿಗೆ ಒಬ್ಬನೇ ಮನುಷ್ಯನಾಗಿದ್ದನು. ಆ ಮನುಷ್ಯನು ಯಜಮಾನನೂ ಆದಾಗ ಏನಾಯಿತೆಂಬುದು ಎಲ್ಲರ ಕಣ್ಣೆದುರಿಗೇ ನಡೆದ ಸಂಗತಿ.

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದುದೂ 1884ರಲ್ಲಿಯೇ. ಆ ದಾರಿಯು 1889ರ ಹೊತ್ತಿಗೆ ಹರಿಹರವನ್ನು ಮುಟ್ಟಿತು. ಅಲ್ಲಿಯವರೆಗೆ ಎತ್ತಿನ ಗಾಡಿಗಳಲ್ಲಿ ಪರದೆಗಳನ್ನೂ ಪೆಟಾರಿಗಳನ್ನೂ ಹೇರಿಕೊಂಡು ಊರಿಂದೂರಿಗೆ ತೆವಳಬೇಕಾಗಿದ್ದ ನಾಟಕ ಮಂಡಳಿಗಳಿಗೆ ರೈಲು ಒಂದು ವರವಾಯಿತು. ಕಂಪನಿಯು ಒಂದು ಊರಿನಲ್ಲಿ ಕ್ಯಾಂಪು ಮಾಡಬೇಕಾದರೆ ಮುಂದಾಗಿ ಒಬ್ಬನು ಹೋಗಿ ಅಧಿಕಾರಿಗಳ ಅಪ್ಪಣೆ ಪಡೆದು, ಜಾಗ ಗೊತ್ತುಮಾಡಿ, ಊರ ಹಿರಿಯರ ವಿಶ್ವಾಸ ಸಂಪಾದಿಸಿ ಬರಬೇಕು. ಆಮೇಲೆ ತಗಡಿನ ಹೊದಿಕೆಯ ಥಿಯೇಟರು ಏಳಬೇಕು. ನಾಟಕದ ದಿನ ಬೀದಿ ಬೀದಿಗಳಲ್ಲಿ ಬ್ಯಾಂಡಿನೊಡನೆ ಗಾಡಿ ಹೋಗಿ ಹ್ಯಾಂಡ್‌ಬಿಲ್ಲುಗಳನ್ನು ಚೆಲ್ಲಬೇಕು. ಸಂಜೆ ಗೇಟಿನ ಬಳಿ ಟಿಕೀಟು ಹರಿಯುವ ಹೊತ್ತಿಗೆ, ನೆಲದವರು, ಬೆಂಚಿನವರು, ಕುರ್ಚಿಯವರು ಎಷ್ಟೆಷ್ಟು ಮಂದಿ ಬಂದರೆಂಬುದರ ಮೇಲೆ ಆ ರಾತ್ರಿಯ ಕಲೆಕ್ಷನ್ನು. ಅಡಕೆಯ ವರ್ತಕನು ಬೆಲೆ ಇಳಿದ ದಿನ ಮೂಟೆಯನ್ನು ಮಂಡಿಯಲ್ಲಿಟ್ಟು ಒಳ್ಳೆಯ ಧಾರಣೆಗಾಗಿ ಕಾಯಬಹುದು. ಆದರೆ ಇಂದು ರಾತ್ರಿ ಖಾಲಿಯುಳಿದ ಕುರ್ಚಿಯನ್ನು ನಾಳೆಗೆಂದು ಎತ್ತಿಡಲು ಯಾವ ನಾಟಕದ ಯಜಮಾನನಿಗೂ ಸಾಧ್ಯವಿಲ್ಲ. ಆದುದರಿಂದ ಜನರನ್ನು ಸೆಳೆಯುವ ಶಕ್ತಿಯು ಈ ಉದ್ಯಮಕ್ಕೆ ಅಲಂಕಾರವಾಗಿರಲಿಲ್ಲ, ಪ್ರಾಣವಾಗಿತ್ತು.

ಆ ಪ್ರಾಣವನ್ನು ಹಿಡಿದಿದ್ದವನು ಕಂಪನಿಯ ಮುಖ್ಯ ನಟ. ಹ್ಯಾಂಡ್‌ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತಿದ್ದುದು ಅವನ ಹೆಸರು; ನೆರೆಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದವರು ಬರುತ್ತಿದ್ದುದು ಅವನ ಒಂದು ಹಾಡಿಗಾಗಿ. ಹೀಗಿರುವಾಗ ತನ್ನ ಕಂಠದಿಂದ ಇನ್ನೊಬ್ಬನ ಪೆಟ್ಟಿಗೆ ತುಂಬುವುದೇಕೆ, ತಾನೇ ಮಾಲೀಕನಾದರಾಗದೆ, ಎಂದು ಅವನಿಗೆ ಅನ್ನಿಸಿದರೆ ಅದು ಸಹಜವೇ. ಅನ್ನಿಸಿದವರಲ್ಲಿ ಎಷ್ಟೋ ಮಂದಿ ಹಾಗೆಯೇ ಮಾಡಿದರು.

ಮೈಸೂರಿನ ಎ.ವಿ. ವರದಾಚಾರ್ಯರ ನಿದರ್ಶನವನ್ನು ಇಲ್ಲಿ ಗೌರವದಿಂದಲೂ ವ್ಯಥೆಯಿಂದಲೂ ನೆನೆಯಬೇಕಾಗಿದೆ. 1869ರಲ್ಲಿ ಹುಟ್ಟಿ 1926ರಲ್ಲಿ ಕಣ್ಮುಚ್ಚಿದ ಅವರು ರತ್ನಾವಳಿ ನಾಟಕ ಸಭೆಯನ್ನು ಕಟ್ಟಿದವರು; ಅವರ ಗಾಯನವನ್ನೂ ಅಭಿನಯವನ್ನೂ ಕಂಡವರು ಅದನ್ನು ಬಾಳಿನ ಭಾಗ್ಯವೆಂದು ಹೇಳಿಕೊಂಡದ್ದುಂಟು. ಜನರನ್ನು ಆಕರ್ಷಿಸುವ ಶಕ್ತಿಯೊಂದೇ ಯಜಮಾನಿಕೆಗೆ ಸಾಕಾಗುವುದಾಗಿದ್ದರೆ ಆ ಕಾಲದ ದಕ್ಷಿಣದಲ್ಲಿ ಅವರ ಸಭೆಯಷ್ಟು ಸಂಪನ್ನವಾದ ಸಂಸ್ಥೆ ಇನ್ನೊಂದಿರಬಾರದಾಗಿತ್ತು. ಆದರೆ ಶಾಲೆಗೆಂದು, ಗುಡಿಗೆಂದು, ಊರಿನ ಯಾವುದೋ ಸತ್ಕಾರ್ಯಕ್ಕೆಂದು ಯಾರು ಬಂದು ಕೈಚಾಚಿದರೂ ಇಲ್ಲವೆನ್ನಲಾರದೆ ಸಹಾಯಾರ್ಥ ಪ್ರಯೋಗಗಳನ್ನು ಆಡಿಕೊಡುತ್ತಿದ್ದ ಆ ಉದಾರಿಯನ್ನು ಸಾಲದ ಭಾರವು ಕೊನೆಯವರೆಗೂ ಬಿಡಲಿಲ್ಲ. ಅವರೊಡನೆ ಅವರ ಸಭೆಯ ವೈಭವವೂ ಅಸ್ತಮಿಸಿತು. ಇದರಲ್ಲಿ ಅವರ ದೋಷವನ್ನು ಎಣಿಸುವುದು ನನ್ನ ಉದ್ದೇಶವಲ್ಲ. ಪ್ರೇಕ್ಷಕನಿಗೆ ಇಲ್ಲವೆನ್ನದಿರುವುದು ನಟನಲ್ಲಿ ಮಹಾಗುಣ. ಖರ್ಚಿಗೆ ಇಲ್ಲವೆನ್ನಬಲ್ಲವನಾಗಿರುವುದು ಮಾಲೀಕನ ನಿತ್ಯಕರ್ಮ. ಇವೆರಡನ್ನೂ ಒಂದೇ ಹೃದಯದಲ್ಲಿ ಇಟ್ಟುಕೊಳ್ಳುವುದು ಎಷ್ಟು ಕಷ್ಟವೆಂಬುದಕ್ಕೆ ಆ ಮಹನೀಯರ ಜೀವನವೇ ಸಾಕ್ಷಿ. ಅದೂ ಅಲ್ಲದೆ, ಸಭೆಯ ಸಮಸ್ತ ಭಾರವೂ ಒಂದೇ ಕಂಠದ ಮೇಲೆ ನಿಂತಿದ್ದಾಗ, ಆ ಕಂಠಕ್ಕೆ ನೆಗಡಿಯಾದ ರಾತ್ರಿ ಇಡೀ ಸಂಸಾರ ಏನನ್ನುಣ್ಣಬೇಕು? ಮಹಮ್ಮದ್ ಪೀರರ ಕಥೆಯೂ ಹೆಚ್ಚುಕಡಿಮೆ ಇದೇ. ಷಹಜಹಾನ್, ಗೌತಮ ಬುದ್ಧ ಮುಂತಾದ ನಾಟಕಗಳಲ್ಲಿ ವಿದ್ವಾಂಸರ ಮೆಚ್ಚುಗೆಯನ್ನೂ ಸಾಮಾನ್ಯರ ಕಣ್ಣೀರನ್ನೂ ಒಟ್ಟಿಗೆ ಗಳಿಸಿದ ಆ ನಟರತ್ನರು ಸ್ವಂತ ಮಂಡಳಿಯನ್ನು ಕಟ್ಟಿದರು. ಅದು ಅವರ ಪ್ರತಿಭೆಗೆ ತಕ್ಕ ಆಯುಸ್ಸನ್ನು ಪಡೆಯಲಿಲ್ಲ.

ಈಗ ಗುಬ್ಬಿಯ ಕಡೆಗೆ ತಿರುಗೋಣ. 1891ರಲ್ಲಿ ಹುಟ್ಟಿದ ವೀರಣ್ಣನವರು ಬಾಲ್ಯದಲ್ಲಿಯೇ ಚಂದಣ್ಣನವರ ಕಂಪನಿಯನ್ನು ಸೇರಿ, ಅದರ ಅನ್ನವನ್ನುಂಡು, ಅದರ ಪರದೆಯ ಹಗ್ಗಗಳ ನಡುವೆ ಬೆಳೆದವರು. ಶಾಲೆಯ ವಿದ್ಯೆ ಅವರಿಗೆ ಹೆಚ್ಚಾಗಿ ದೊರೆಯಲಿಲ್ಲ. ಹಾಸ್ಯಪಾತ್ರಗಳಲ್ಲಿ ಅವರು ಗಳಿಸಿದ ಕೀರ್ತಿಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ; ಸದಾರಮೆಯ ಕಳ್ಳನ ಪಾತ್ರವೊಂದೇ ಸಾಕು, ಅದರ ನೆನಪು ನಮ್ಮ ಜಿಲ್ಲೆಯ ಮುದುಕರ ಮಾತಿನಲ್ಲಿ ಮೊನ್ನೆಮೊನ್ನೆಯವರೆಗೂ ಜೀವಂತವಾಗಿತ್ತು. ಅವರ ಮೊಮ್ಮಗಳಾದ ಬಿ. ಜಯಶ್ರೀಯವರು ಅದೇ ನಾಟಕವನ್ನು ಮತ್ತೆ ರಂಗಕ್ಕೆ ತಂದು, ಅದೇ ಕಳ್ಳನ ಪಾತ್ರವನ್ನು ತಾವೇ ವಹಿಸಿ, ಹೊಸ ತಲೆಮಾರಿನವರನ್ನೂ ನಗಿಸಿದರು. ಅಂತೂ ಕಂಪನಿಯ ಒಡೆತನವು 1917ರಲ್ಲಿ ವೀರಣ್ಣನವರ ಕೈಗೆ ಬಂದಾಗ, ಬಂದುದು ಒಬ್ಬ ಅದ್ಭುತ ಮಾರಾಟಗಾರನ ಕೈಗೆ ಎಂಬುದರಲ್ಲಿ ಸಂಶಯವಿಲ್ಲ. ಅವರು ರಂಗಕ್ಕೆ ಕಾಲಿಟ್ಟರೆಂದರೆ ಟಿಕೀಟಿನ ಹಣ ತೀರಿತೆಂದು ಜನ ಭಾವಿಸುತ್ತಿದ್ದರು.

ಆದರೆ ಅವರನ್ನು ಯಜಮಾನರನ್ನಾಗಿ ಉಳಿಸಿದುದು ಆ ಶಕ್ತಿಯಲ್ಲವೆಂದು ನನ್ನ ನಿಶ್ಚಿತವಾದ ಅಭಿಪ್ರಾಯ. ಮೊದಲನೆಯದಾಗಿ, ಅವರ ನಟನೆಯ ಸ್ವರೂಪವನ್ನೇ ನೋಡಬೇಕು. ಹಾಸ್ಯಗಾರನು ಕಥೆಯ ಭಾರವನ್ನು ಹೊರುವವನಲ್ಲ. ರಾಜನೂ ರಾಣಿಯೂ ಕಥೆಯನ್ನು ಹೊತ್ತು ನಡೆಯುತ್ತಿರುವಾಗ ನಡುವೆ ಬಂದು, ಸಭೆಯ ಮನಸ್ಸನ್ನು ಹಗುರಮಾಡಿ, ಮತ್ತೆ ಅದನ್ನು ಅವರಿಗೇ ಒಪ್ಪಿಸಿ ಹೋಗತಕ್ಕವನು. ಪ್ರಧಾನ ಪಾತ್ರಗಳನ್ನು ಇತರರಿಗೆ ಬಿಟ್ಟುಕೊಡುವುದು ಅವರ ಪಾಲಿಗೆ ನಿತ್ಯದ ಅಭ್ಯಾಸವಾಗಿತ್ತು. ಹೆಂಗಸರ ಪಾತ್ರವನ್ನು ಗಂಡಸರೇ ಹಾಕುತ್ತಿದ್ದ ಕಾಲದಲ್ಲಿ ಅವರು ಸ್ತ್ರೀಯರನ್ನು ರಂಗಕ್ಕೆ ಕರೆತಂದರು, ಬಿ. ಜಯಮ್ಮನವರಂತಹ ನಟಿಯರು ಆ ರಂಗದಲ್ಲಿ ಪ್ರಸಿದ್ಧಿಗೆ ಬಂದರು, ಅನಂತರ ಚಲಚ್ಚಿತ್ರದಲ್ಲಿಯೂ ಹೆಸರಾದರು. ನಾಟಕಗಳನ್ನು ಬರೆಯಲು ನಮ್ಮ ಜಿಲ್ಲೆಯವರೇ ಆದ ಬೆಳ್ಳಾವೆ ನರಹರಿಶಾಸ್ತ್ರಿಗಳಂತಹ ಪಂಡಿತರಿದ್ದರು, ಬಿ. ಪುಟ್ಟಸ್ವಾಮಯ್ಯನವರಂತಹ ನುರಿತ ಬರಹಗಾರರಿದ್ದರು. ತನಗಿಂತ ಹೆಚ್ಚು ಓದಿದವರನ್ನು ಕರೆದು, ಅವರಿಗೆ ಬೇಕಾದುದನ್ನು ಒದಗಿಸಿ, ಅವರ ಕೆಲಸದಲ್ಲಿ ಅವರನ್ನು ಸ್ವತಂತ್ರವಾಗಿ ಬಿಡುವುದು ಜನಪ್ರಿಯನಾದ ನಟನಿಗೆ ಸುಲಭದ ಮಾತಲ್ಲ. ತಾನಾಡಿದ ಪ್ರತಿ ಮಾತಿಗೂ ಸಾವಿರ ಜನ ನಗುತ್ತಿರುವಾಗ, ಬರಹಗಾರನ ಮಾತಿಗೆ ಕಿವಿಗೊಡುವ ವಿನಯವನ್ನು ಉಳಿಸಿಕೊಳ್ಳುವುದು ಎಲ್ಲರಿಂದಲೂ ಆಗುವುದಿಲ್ಲ.

1934ರ ಕುರುಕ್ಷೇತ್ರ ನಾಟಕವನ್ನು ಕುರಿತು ಇಂದಿಗೂ ಜನ ಹೇಳುವುದು ರಂಗದ ಮೇಲೆ ಬಂದ ನಿಜವಾದ ಆನೆ ಕುದುರೆಗಳ ವಿಷಯವನ್ನು. ಪ್ರಚಾರದ ದೃಷ್ಟಿಯಿಂದ ಅದು ಅಪೂರ್ವವಾದ ಯುಕ್ತಿ. ಆ ಸುದ್ದಿಯೊಂದೇ ಹ್ಯಾಂಡ್‌ಬಿಲ್ಲುಗಳ ಸಾವಿರ ಪ್ರತಿಗಳಿಗೆ ಸಮವಾಗಿತ್ತು. ಮಾರಾಟಗಾರನಾದವನು ಇಲ್ಲಿಯವರೆಗೆ ಯೋಚಿಸಿ ನಿಲ್ಲುತ್ತಾನೆ. ಆದರೆ ಆನೆ ನಿಲ್ಲತಕ್ಕ ಹಲಗೆಯ ನೆಲ ಎಷ್ಟು ಬಲವಾಗಿರಬೇಕು, ಅದರ ಮಾವುತನಿಗೆ ಯಾವಾಗ ಸಂಜ್ಞೆ ಕೊಡಬೇಕು, ದೀಪಗಳಿಗೂ ವಾದ್ಯಗಳ ಘೋಷಕ್ಕೂ ಕುದುರೆ ಬೆಚ್ಚದಂತೆ ಅದನ್ನು ಎಷ್ಟು ದಿನ ಪಳಗಿಸಬೇಕು, ನಾಟಕವಿಲ್ಲದ ದಿನ ಅವುಗಳ ಮೇವಿಗೆ ಯಾವ ಬಾಬಿನಿಂದ ಹಣ ತೆಗೆಯಬೇಕು ಎಂಬುದನ್ನೆಲ್ಲ ಒಬ್ಬನು ಮುಂಚಿತವಾಗಿ ಕುಳಿತು ಲೆಕ್ಕ ಹಾಕಿರಬೇಕು. ಪ್ರೇಕ್ಷಕನು ಕಂಡುದು ಆನೆಯನ್ನು; ಆನೆಯ ಹಿಂದೆ ಇದ್ದ ಏರ್ಪಾಟು ಯಾರ ಕಣ್ಣಿಗೂ ಬೀಳಲಿಲ್ಲ. ಬೀಳಲಿಲ್ಲವೆಂಬುದೇ ಆ ಏರ್ಪಾಟಿನ ಹೆಚ್ಚಳ. ಸಂಸ್ಥೆಯನ್ನು ನಡೆಸುವ ವಿದ್ಯೆಗೆ ಚಪ್ಪಾಳೆಯಿಲ್ಲ; ಚಪ್ಪಾಳೆಗೆ ಒಗ್ಗಿಹೋದ ಮನಸ್ಸಿಗೆ ಈ ಮೌನವು ಬಹಳ ಬೇಗ ಬೇಸರ ತರಿಸುತ್ತದೆ.

ಮಳೆಗಾಲದ ಮಾತನ್ನೂ ಇಲ್ಲಿ ಹೇಳಬೇಕು. ವೃತ್ತಿ ಕಂಪನಿಗಳೆಂದರೆ ಚಲಿಸುವ ಊರುಗಳು. ನಟರು, ವಾದ್ಯಗಾರರು, ಪರದೆ ಬರೆಯುವವರು, ಬಡಗಿಗಳು, ಅಡಿಗೆಯವರು, ಅವರವರ ಹೆಂಡಿರು ಮಕ್ಕಳು, ಎಲ್ಲರಿಗೂ ಒಂದೇ ಒಲೆಯ ಮೇಲೆ ಅನ್ನವಾಗಬೇಕು. ಒಂದು ವಾರ ಬಿಡದೆ ಮಳೆ ಹಿಡಿದರೆ, ಊರಿಗೆ ಪ್ಲೇಗೋ ಕಾಲರವೋ ಬಂದರೆ, ಬೆಳೆ ಕೆಟ್ಟು ರೈತನ ಕೈಯಲ್ಲಿ ಕಾಸಾಡದಿದ್ದರೆ, ಗೇಟಿನಲ್ಲಿ ಕಲೆಕ್ಷನ್ನು ಇರುವುದಿಲ್ಲ, ಒಲೆಯಾದರೋ ಉರಿಯಲೇಬೇಕು. ಹೌಸ್‌ಫುಲ್ಲಾದ ರಾತ್ರಿಯ ಹಣದಲ್ಲಿ ಈ ಒಲೆಯ ಪಾಲೆಷ್ಟೆಂಬುದನ್ನು ಅಂದೇ ತೆಗೆದಿಡುವವನು ಯಜಮಾನ. ಮಾರಾಟಗಾರನ ಮನೋಧರ್ಮ ಸ್ವಭಾವತಃ ಆಶಾವಾದದ್ದು; ನಾಳೆ ಇನ್ನೂ ಹೆಚ್ಚು ಜನ ಬಂದಾರೆಂಬ ನಂಬಿಕೆಯಿಲ್ಲದೆ ಅವನು ಬಾಗಿಲು ಬಾಗಿಲು ತಟ್ಟಲಾರ. ಆ ನಂಬಿಕೆ ಅವನ ಬಲ. ಅದೇ ನಂಬಿಕೆ ಲೆಕ್ಕದ ಪುಸ್ತಕವನ್ನು ಬರೆಯತೊಡಗಿದಾಗ ಅಪಾಯವಾಗುತ್ತದೆ.

ವೀರಣ್ಣನವರಿಗೂ ಸೋಲುಗಳಿದ್ದವು. ಅವರು ಬೆಂಗಳೂರಿನಲ್ಲಿ ಚಲಚ್ಚಿತ್ರ ತಯಾರಿಕೆಗೆ ಕೈಹಾಕಿದುದು 1930ರ ಆಸುಪಾಸಿನಲ್ಲಿ. ಹರಿಮಾಯಾ ಮುಂತಾದ ಮೂಕಚಿತ್ರಗಳು ಆ ಪ್ರಯತ್ನದ ಫಲ. ಆದರೆ 1931ರ ಮಾರ್ಚ್ ತಿಂಗಳಲ್ಲಿ ಮುಂಬಯಿಯಲ್ಲಿ ಆಲಂ ಆರಾ ತೆರೆ ಕಂಡು, ಚಿತ್ರಗಳು ಮಾತನಾಡತೊಡಗಿದ ಮೇಲೆ ಮೂಕಚಿತ್ರಕ್ಕೆ ಉಳಿಗಾಲವಿರಲಿಲ್ಲ. ಪ್ರೇಕ್ಷಕನ ನಾಡಿಯನ್ನು ಅವರಷ್ಟು ಬಲ್ಲವರೇ ಇರಲಿಲ್ಲ. ಆದರೂ ಯಂತ್ರಶಾಸ್ತ್ರವು ಯಾವ ದಿಕ್ಕಿಗೆ ತಿರುಗುತ್ತಿದೆಯೆಂಬುದನ್ನು ಪ್ರೇಕ್ಷಕನ ನಾಡಿ ಹೇಳಲಾರದು. ಕೊಳ್ಳುವವನು ಏನನ್ನು ಬಯಸುವನೆಂಬ ಜ್ಞಾನ ಒಂದು, ಸರಕು ಹೇಗೆ ತಯಾರಾಗುವುದೆಂಬ ಜ್ಞಾನ ಇನ್ನೊಂದು. ಮೊದಲನೆಯದರಲ್ಲಿ ಪಾರಂಗತನಾದವನು ಎರಡನೆಯದನ್ನೂ ಬಲ್ಲೆನೆಂದುಕೊಳ್ಳುವ ಭ್ರಮೆ ಅತ್ಯಂತ ಸಾಮಾನ್ಯವಾದದ್ದು. ಅವರನ್ನು ಉಳಿಸಿದುದು ಅವರ ಕೆಳಗಿನ ಕಟ್ಟಡ: ನಾಟಕದ ಕಂಪನಿಯು ಅಷ್ಟು ಹೊತ್ತಿಗೆ ಒಬ್ಬ ಮನುಷ್ಯನ ಹುಮ್ಮಸ್ಸಿನ ಮೇಲೆ ನಿಂತಿರಲಿಲ್ಲ, ಮಕ್ಕಳದೇ ಒಂದು ತಂಡವೂ ಸೇರಿದಂತೆ ಅದರ ಶಾಖೆಗಳು ಏರ್ಪಟ್ಟು, ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ದುಡಿಮೆ ತಾಳಿಕೊಳ್ಳುವಷ್ಟು ಬೇರು ಇಳಿದಿತ್ತು.

ಆ ಬೇರುಗಳ ಪೈಕಿ ನನಗೆ ಅತ್ಯಂತ ಪೂಜ್ಯವಾಗಿ ತೋರುವುದು ಮನುಷ್ಯರನ್ನು ಬೆಳೆಸಿದ ಕೆಲಸ. ಮುಂದೆ ರಾಜಕುಮಾರರೆಂದು ಪ್ರಖ್ಯಾತರಾದ ಮುತ್ತುರಾಜರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಈ ಕಂಪನಿಯ ನಟರಾಗಿದ್ದರು. ಮಗನೂ ಅಲ್ಲಿಯೇ ರಂಗದ ಪಾಠ ಕಲಿತರು. ಜಿ.ವಿ. ಅಯ್ಯರ್, ಎಚ್.ಎಲ್.ಎನ್. ಸಿಂಹ ಮುಂತಾದವರು ಅಲ್ಲಿಂದ ಹಾದು ಹೋದರು. ಬಿ.ವಿ. ಕಾರಂತರು ಹುಡುಗನಾಗಿ ಕಂಪನಿಯನ್ನು ಸೇರಿದರು. ಅವರ ವಿದ್ಯಾಸಕ್ತಿಯನ್ನು ಕಂಡ ವೀರಣ್ಣನವರು ಅವರನ್ನು ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಒಳ್ಳೆಯ ಕಂಠವುಳ್ಳ, ಜನರನ್ನು ಸೆಳೆಯಬಲ್ಲ ಹುಡುಗನೊಬ್ಬನನ್ನು ರಂಗದಿಂದ ಬಿಡಿಸಿ ದೂರದ ಊರಿಗೆ ಓದಲು ಕಳುಹಿಸುವುದು ಆ ವರ್ಷದ ಕಲೆಕ್ಷನ್ನಿನ ದೃಷ್ಟಿಯಿಂದ ನಷ್ಟದ ವ್ಯವಹಾರ. ಮಾರಾಟದ ಲೆಕ್ಕದಲ್ಲಿ ಅದಕ್ಕೆ ಸ್ಥಳವೇ ಇಲ್ಲ. ಆದರೆ ಕನ್ನಡ ರಂಗಭೂಮಿಯು ಆ ಒಂದು ನಿರ್ಧಾರದಿಂದ ಪಡೆದ ಲಾಭವನ್ನು ಅಳೆಯಲು ಯಾರಿಂದ ಸಾಧ್ಯ! 1954ರಲ್ಲಿ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಹೆಸರಿನಲ್ಲಿ ಬೇಡರ ಕಣ್ಣಪ್ಪ ಚಿತ್ರ ತಯಾರಾದಾಗ ಅದರ ನಿರ್ದೇಶಕರು ಸಿಂಹ, ನಾಯಕ ರಾಜಕುಮಾರ, ಬರಹದಲ್ಲಿ ಅಯ್ಯರ್, ಹಾಸ್ಯದಲ್ಲಿ ನಮ್ಮ ತಿಪಟೂರಿನ ನರಸಿಂಹರಾಜು. ಇಪ್ಪತ್ತು ಮೂವತ್ತು ವರ್ಷ ಅನ್ನವಿಕ್ಕಿ ಬೆಳೆಸಿದ ತೋಟದ ಫಸಲನ್ನು ಕನ್ನಡ ಚಿತ್ರರಂಗವೆಲ್ಲ ಹಂಚಿಕೊಂಡಿತು.

ಹೊರಗಿನ ದೇಶಗಳಲ್ಲಿ ಈ ವಿಚಾರವನ್ನು ಲೆಕ್ಕಶಾಸ್ತ್ರದ ಸಹಾಯದಿಂದ ಪರಿಶೀಲಿಸಿದವರಿದ್ದಾರೆ. ತನ್ನ ಕೆಲಸದಲ್ಲಿ ಸಮರ್ಥನಾದವನನ್ನು ಬಡ್ತಿಯಿಂದ ಬಡ್ತಿಗೆ ಏರಿಸುತ್ತಾ ಹೋಗಿ, ಕೊನೆಗೆ ಅವನು ಸಮರ್ಥನಲ್ಲದ ಸ್ಥಾನದಲ್ಲಿ ತಂದು ನಿಲ್ಲಿಸುವುದು ಸಂಸ್ಥೆಗಳ ರೂಢಿಯೆಂದು ಲಾರೆನ್ಸ್ ಪೀಟರ್ 1969ರಲ್ಲಿ ರೇಮಂಡ್ ಹಲ್ಲರೊಡನೆ ಬರೆದ ಪುಸ್ತಕದಲ್ಲಿ ಹೇಳಿದರು. ಅದು ಅರ್ಧ ವಿನೋದವೆಂದು ಬಹುಕಾಲ ಎಣಿಸಲ್ಪಟ್ಟಿತ್ತು. ಆಮೇಲೆ ಆಲನ್ ಬೆನ್ಸನ್, ಡೇನಿಯೆಲ್ ಲೀ, ಕೆಲ್ಲಿ ಶೂ ಎಂಬ ಮೂವರು ವಿದ್ವಾಂಸರು ಅಮೆರಿಕದ 131 ಸಂಸ್ಥೆಗಳ ಮಾರಾಟಗಾರರ ದಾಖಲೆಗಳನ್ನು ಶೋಧಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು ಆ ಮಾತನ್ನು ಬಹಳಮಟ್ಟಿಗೆ ಸಮರ್ಥಿಸಿತು. ಅತಿ ಹೆಚ್ಚು ಮಾರಿದವರಿಗೇ ಮೇನೇಜರಿಕೆ ದೊರೆಯುವ ಸಂಭವ ಹೆಚ್ಚು; ಆದರೆ ಅಂಥವರ ಕೈಕೆಳಗೆ ಬಂದ ಮಾರಾಟಗಾರರ ದುಡಿಮೆ ಕುಗ್ಗಿತು. ಆ ಅಧ್ಯಯನದ ಇನ್ನೊಂದು ಅಂಶವು ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿಯಿತು: ಮಾರಾಟದ ಶ್ರೇಯಸ್ಸನ್ನು ಜೊತೆಗಾರರೊಡನೆ ಹಂಚಿಕೊಂಡು ದುಡಿದವರು ಮೇನೇಜರಾದ ಮೇಲೆ ಚೆನ್ನಾಗಿ ನಡೆಸಿದರು, ಮತ್ತು ಸಂಸ್ಥೆಗಳು ಅಂಥವರ ಕಡೆಗೆ ಕಣ್ಣೆತ್ತಿ ನೋಡುತ್ತಿದ್ದುದು ಕಡಿಮೆ. ಗುಬ್ಬಿಯ ರಂಗದಲ್ಲಿ ಹಾಸ್ಯಗಾರನು ನಾಯಕನಿಗೆ ದಾರಿ ಬಿಟ್ಟು ಸರಿಯುತ್ತಿದ್ದ ರೀತಿಯನ್ನು ಕಂಡವರಿಗೆ ಇದು ಹೊಸ ಸುದ್ದಿಯಾಗಿರಲಾರದು.

ಮಾರಾಟದಿಂದಲೇ ಮೇಲೆ ಬಂದು ಮಹಾಸಂಸ್ಥೆಯನ್ನು ಕಟ್ಟಿದವರೂ ಉಂಟು. ಅವರನ್ನು ಬಿಟ್ಟು ವಾದಿಸುವುದು ನ್ಯಾಯವಲ್ಲ. ಅಮೆರಿಕದ ತಾಮಸ್ ವಾಟ್ಸನ್ ಹರೆಯದಲ್ಲಿ ಹೊಲಿಗೆ ಯಂತ್ರಗಳನ್ನೂ ಪಿಯಾನೋಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಹಳ್ಳಿಗಳಲ್ಲಿ ಮಾರುತ್ತಿದ್ದವನು. 1896ರಲ್ಲಿ ನಗದು ಯಂತ್ರಗಳ ಕಂಪನಿಯೊಂದನ್ನು ಸೇರಿ ಮಾರಾಟದ ವಿದ್ಯೆಯಲ್ಲಿ ನಿಷ್ಣಾತನಾದನು. 1914ರಲ್ಲಿ ಅವನು ವಹಿಸಿಕೊಂಡ ಸಂಸ್ಥೆಯೇ 1924ರಲ್ಲಿ ಐಬಿಎಂ ಎಂಬ ಹೆಸರನ್ನು ತಾಳಿತು. ಆದರೆ ಅವನ ದೊಡ್ಡಸ್ತಿಕೆ ಎಲ್ಲಿ ಕಂಡಿತು? 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಕೊಳ್ಳುವವರಿಲ್ಲದೆ ಇತರ ಕಾರ್ಖಾನೆಗಳು ಬಾಗಿಲು ಮುಚ್ಚುತ್ತಿರುವಾಗ, ಅವನು ತನ್ನ ಕೆಲಸಗಾರರನ್ನು ಬಿಡದೆ, ಯಂತ್ರಭಾಗಗಳನ್ನು ಮಾಡಿ ಮಾಡಿ ದಾಸ್ತಾನಿಟ್ಟನು. 1935ರಲ್ಲಿ ಸಾಮಾಜಿಕ ಭದ್ರತೆಯ ಕಾನೂನು ಬಂದು, ಕೋಟ್ಯಂತರ ಜನರ ಲೆಕ್ಕವಿಡುವ ಯಂತ್ರಗಳು ಸರ್ಕಾರಕ್ಕೆ ಒಮ್ಮೆಲೇ ಬೇಕಾದಾಗ, ಒದಗಿಸಲು ಸಿದ್ಧವಾಗಿದ್ದುದು ಅವನ ಸಂಸ್ಥೆ. ಯಾರೂ ಕೊಳ್ಳದ ಕಾಲದಲ್ಲಿ ಅವನು ಮಾಡಿದ ಕೆಲಸವೇ ಅವನನ್ನು ನಿಲ್ಲಿಸಿತು.

ಇದರ ಮಗ್ಗುಲಿಗೆ ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಇಟ್ಟು ನೋಡಬಹುದು. 1923ರಲ್ಲಿ ಅಲ್ಲಿ ಬೀಡುಕಬ್ಬಿಣ ಇಳಿಯತೊಡಗುವ ಹೊತ್ತಿಗೆ, ಯುದ್ಧಾನಂತರದ ಪೇಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ಅದೇ ವರ್ಷ ಅದರ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ನಡೆಸಿದ ವಿಶ್ವೇಶ್ವರಯ್ಯನವರು ಯಾವ ಅರ್ಥದಲ್ಲಿಯೂ ಮಾರಾಟಗಾರರಲ್ಲ. ಖರ್ಚನ್ನು ಕತ್ತರಿಸಿ, ಕೆಲಸದ ಶಿಸ್ತನ್ನು ಬಿಗಿಗೊಳಿಸಿ, ಮುಳುಗಬಹುದಾಗಿದ್ದ ಉದ್ಯಮವನ್ನು ತೇಲಿಸಿದವರು. ಹಾಗೆಂದು ಮಾರಾಟವನ್ನು ಕೀಳೆಂದು ಕಾಣುವ ತಂತ್ರಜ್ಞರ ಪಕ್ಷವನ್ನು ನಾನು ವಹಿಸುವುದಿಲ್ಲ. ಉದ್ಯಮಕ್ಕೆ ಉದ್ಯಮವೇ ಬೇರೆ. ಗುಬ್ಬಿ ತಾಲ್ಲೂಕಿನಲ್ಲಿಯೇ, ಬಿದರೆಹಳ್ಳ ಕಾವಲಿನ 615 ಎಕರೆ ನೆಲದಲ್ಲಿ, 2023ರ ಫೆಬ್ರವರಿ 6ರಂದು ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅದರ ಮುಖ್ಯ ಗಿರಾಕಿ ದೇಶದ ಸೇನೆಯೇ. ಅಲ್ಲಿನ ಮುಖ್ಯಸ್ಥನಿಗೆ ಬೇಕಾದುದು ಕಾಲಕ್ಕೆ ಸರಿಯಾಗಿ, ಲೋಪವಿಲ್ಲದೆ ಯಂತ್ರವನ್ನು ಹೊರತರಿಸುವ ಸಾಮರ್ಥ್ಯ. ಚನ್ನಬಸವೇಶ್ವರನ ಜಾತ್ರೆಯಲ್ಲಿ ಅಂಗಡಿ ಹಾಕುವವನಿಗೆ ಆ ಸಾಮರ್ಥ್ಯದಿಂದ ಏನೂ ಆಗದು, ಅವನು ಕರೆಯಬಲ್ಲವನಾಗಿರಬೇಕು.

ಮಾರಾಟಗಾರನಿಗೆ ಸಲ್ಲತಕ್ಕ ಮರ್ಯಾದೆಯನ್ನು ಪೂರ್ತಿಯಾಗಿ ಸಲ್ಲಿಸಿಯೇ ಈ ಮಾತನ್ನು ಹೇಳುತ್ತಿದ್ದೇನೆ. ಹತ್ತು ಬಾಗಿಲಲ್ಲಿ ಇಲ್ಲವೆನ್ನಿಸಿಕೊಂಡು ಹನ್ನೊಂದನೆಯ ಬಾಗಿಲಿಗೆ ನಗುಮುಖದಿಂದ ಹೋಗುವ ಧೈರ್ಯ ಸಾಮಾನ್ಯವಾದುದಲ್ಲ. ಕೊಳ್ಳುವವನ ಸಂಕಟವನ್ನು ಸಂಸ್ಥೆಯೊಳಗೆ ಕುಳಿತ ಎಲ್ಲರಿಗಿಂತ ಮೊದಲು ಬಲ್ಲವನು ಅವನು. ಅವನಲ್ಲಿ ಸ್ವಾಭಾವಿಕವಾಗಿ ಬೆಳೆಯುವ ದೌರ್ಬಲ್ಯವೆಂದರೆ, ಬೇರೆಯವರು ನೆರವೇರಿಸಬೇಕಾದ ವಾಗ್ದಾನವನ್ನು ತಾನು ಕೊಟ್ಟುಬಿಡುವುದು. ಅಡಕೆ ಕೊಬ್ಬರಿಗಳ ವ್ಯಾಪಾರವನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉದ್ದರಿಯ ಮೇಲೆ ಧಾರಾಳವಾಗಿ ಮಾಲು ಕೊಟ್ಟವನಿಗೆ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನ. ಆ ಬಾಕಿ ವಸೂಲಾಗದೆ, ತೋಟದವನಿಗೆ ಕೊಡಬೇಕಾದ ಹಣ ನಿಂತುಹೋದಾಗ, ಅವನಿಗೆ ಉತ್ತರ ಹೇಳಬೇಕಾದವನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನ. ಮಾರಾಟಗಾರನು ಹೊರಗೆ ನೋಡುತ್ತಾ ನಿಲ್ಲುತ್ತಾನೆ, ನಿಲ್ಲಲೂಬೇಕು. ಯಜಮಾನನು ತನ್ನ ಬೆನ್ನ ಹಿಂದೆ ಇರುವವರನ್ನು, ಸಾಲ ಕೊಟ್ಟವರನ್ನು, ಸರಕು ಕೊಟ್ಟವರನ್ನು, ಸಂಬಳಕ್ಕೆ ಕಾದವರನ್ನು, ದಿನವೂ ನೆನೆಯಬೇಕು.

ವೀರಣ್ಣನವರಿಗೆ ಮೈಸೂರು ಮಹಾರಾಜರಿಂದ ನಾಟಕರತ್ನವೆಂಬ ಬಿರುದೂ, 1972ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ಬಂದವು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ. ಸರ್ಕಾರವು ರಂಗಭೂಮಿಯ ಹಿರಿಯರಿಗೆ ಅವರ ಹೆಸರಿನ ಪ್ರಶಸ್ತಿಯನ್ನು ಕೊಡುತ್ತದೆ. ಆದರೆ ಅವರು ಸಂಸ್ಥೆಯನ್ನು ನಡೆಸಿದ ಬಗೆಯನ್ನು ನಮ್ಮ ವಾಣಿಜ್ಯ ಕಾಲೇಜುಗಳಲ್ಲಿ ಪಾಠವಾಗಿ ಓದಿಸುವುದನ್ನು ನಾನು ಕಂಡಿಲ್ಲ. ದೂರದ ದೇಶಗಳ ಕಂಪನಿಗಳ ಕಥೆಯನ್ನು ಬಾಯಿಪಾಠ ಮಾಡುವ ನಮ್ಮ ವಿದ್ಯಾರ್ಥಿಗಳಿಗೆ, 1884ರಲ್ಲಿ ತಮ್ಮ ತಾಲ್ಲೂಕಿನಲ್ಲೇ ಹುಟ್ಟಿ, ಒಡೆಯರು ಬದಲಾದರೂ ಒಡೆಯದೆ, ಒಂದು ಶತಮಾನದ ಬಹುಭಾಗ ಬಾಳಿದ ಕಂಪನಿಯ ಚರಿತ್ರೆ ತಿಳಿಯದಿರುವುದು ಸಂಕಟದ ವಿಷಯ.

ನಮ್ಮ ಜಿಲ್ಲೆಯ ವಸಂತನರಸಾಪುರದಲ್ಲಿ ಹೊಸ ಕಾರ್ಖಾನೆಗಳನ್ನು ಕಟ್ಟುತ್ತಿರುವವರಲ್ಲಿ, ಹಾಲು ಉತ್ಪಾದಕರ ಮತ್ತು ಬೆಳೆಗಾರರ ಸಂಘಗಳ ನಿರ್ದೇಶಕರಲ್ಲಿ, ನನ್ನದೊಂದು ಬಿನ್ನಹವಿದೆ. ನಿಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಮಾರುವವನನ್ನು ಮೇಲಿನ ಕುರ್ಚಿಯಲ್ಲಿ ಕೂರಿಸುವ ಮೊದಲು ಒಂದು ವರ್ಷ ಅವನಿಗೆ ಬಾಕಿ ವಸೂಲಿಯನ್ನೂ, ಸಂಬಳ ಬಟವಾಡೆಯನ್ನೂ, ತಯಾರಿಕೆಯ ಉಸ್ತುವಾರಿಯನ್ನೂ ಒಪ್ಪಿಸಿ ನೋಡಿ. ಅವನ ಕೈಕೆಳಗೆ ಹೊಸಬರು ಕಲಿತು ಮೇಲೆ ಬರುತ್ತಾರೋ, ಇಲ್ಲ ಅವನ ನೆರಳಿನಲ್ಲಿ ಬಾಡುತ್ತಾರೋ ಗಮನಿಸಿ. ಅದರಲ್ಲಿ ಅವನಿಗೆ ಮನಸ್ಸು ನೆಟ್ಟರೆ ಸಂತೋಷದಿಂದ ಯಜಮಾನಿಕೆಯನ್ನು ಕೊಡಿ. ನೆಡದಿದ್ದರೆ, ಮೇನೇಜರಿಗೆ ಕೊಡುವಷ್ಟೇ ಸಂಬಳವನ್ನೂ ಅಷ್ಟೇ ಗೌರವವನ್ನೂ ಕೊಟ್ಟು, ಅವನನ್ನು ಅವನು ಪ್ರೀತಿಸುವ ಮಾರಾಟದ ಕೆಲಸದಲ್ಲಿಯೇ ಇರಗೊಡಿ.